ಮೊಡವೆ ಕೇಳುವ ಹನ್ನೆರಡು ವಾರ



ಹದಿಹರೆಯದ ಮೊಡವೆಯ ಬಗ್ಗೆ ಒಂದು ಸಂಕಿರಣ ಎಂದಾಗ ಹುಬ್ಬೇರಿಸಿದವರೂ ಇದ್ದಾರೆ. ಕುಷ್ಠ, ಸೋರಿಯಾಸಿಸ್, ಯಾವ ಮದ್ದಿಗೂ ಬಗ್ಗದ ಹುಳುಕಡ್ಡಿ ಇಷ್ಟೆಲ್ಲ ಇರುವಾಗ ಮೊಡವೆಗೆ ಏಕಿಷ್ಟು ಸಂಭ್ರಮ ಎಂಬುದು ಅವರ ಪ್ರಶ್ನೆ. ಹನ್ನೆರಡರಿಂದ ಇಪ್ಪತ್ತನಾಲ್ಕು ವರ್ಷದೊಳಗಿನ ನೂರು ಜನರಲ್ಲಿ ಸುಮಾರು 85 ಮಂದಿಗೆ ಒಂದಲ್ಲ ಒಂದು ಮಟ್ಟದ ಮೊಡವೆ ಬಂದು ಹೋಗುತ್ತದೆ ಎಂಬುದು ಪಠ್ಯಗಳಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ. ಇಷ್ಟು ಜನರಿಗೆ ಬರುವುದರಿಂದಲೇ ಅದನ್ನು ರೋಗವೆಂದು ಎಣಿಸದೆ, ವಯಸ್ಸಿನ ಜೊತೆ ಬಂದದ್ದು ವಯಸ್ಸಿನ ಜೊತೆ ಹೋಗುತ್ತದೆ ಎಂದು ಕೈಬಿಡುತ್ತೇವೆ. ಬಹಳ ಮಂದಿಗೆ ಅದು ಹೋಗುವುದೂ ನಿಜ. ಆದರೆ ಹೋಗುವಾಗ ಕುಳಿ ಬಿಟ್ಟುಹೋದರೆ ಆ ಕುಳಿ ವಯಸ್ಸಿನ ಜೊತೆ ಹೋಗುವುದಿಲ್ಲ.

ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮಲ್ಲಿ ಮೊಡವೆಯ ಚಿಕಿತ್ಸೆ ಹೆಚ್ಚಾಗಿ ಸೋಲುವುದು ಕಾಲದ ಲೆಕ್ಕ ತಪ್ಪುವುದರಿಂದ. ಔಷಧಗಳಿವೆ, ಅವು ಕೆಲಸ ಮಾಡುತ್ತವೆ, ಹಲವು ದುಬಾರಿಯೂ ಅಲ್ಲ. ಆದರೆ ಅವಕ್ಕೆ ಎಂಟರಿಂದ ಹನ್ನೆರಡು ವಾರ ಬೇಕು. ನಮ್ಮೆದುರು ಕೂತ ಹುಡುಗನಿಗೋ ಹುಡುಗಿಗೋ ಮುಂದಿನ ವಾರದ ಕಾಲೇಜ್ ಡೇ ಹೊತ್ತಿಗೆ ಮುಖ ತಿಳಿಯಾಗಬೇಕು. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ನಾವು ಮಾತಿನಿಂದ ತುಂಬದಿದ್ದರೆ ಅಲ್ಲಿಗೆ ಮಾರುಕಟ್ಟೆ ತನ್ನ ಕ್ರೀಮು ಹಿಡಿದು ಬಂದು ನಿಲ್ಲುತ್ತದೆ.

ಮೊಡವೆಗೆ ಇಷ್ಟು ಕಾಲ ಏಕೆ ಬೇಕು ಎಂಬುದು ಅದು ಹುಟ್ಟುವ ಬಗೆಯಲ್ಲೇ ಇದೆ. ಏಳೆಂಟು ವರ್ಷದ ಹೊತ್ತಿಗೇ ಅಡ್ರಿನಲ್ ಗ್ರಂಥಿ ಆಂಡ್ರೋಜನ್ ಜಾತಿಯ ಹಾರ್ಮೋನುಗಳನ್ನು ಸುರಿಸಲು ತೊಡಗುತ್ತದೆ. ಮೈನೆರೆಯುವ ಕಾಲಕ್ಕೆ ಅಂಡಾಶಯ, ವೃಷಣಗಳೂ ಸೇರಿಕೊಳ್ಳುತ್ತವೆ. ಮುಖ, ಎದೆ, ಬೆನ್ನುಗಳ ಮೇದೋಗ್ರಂಥಿಗಳು ಹಿಗ್ಗಿ ಜಿಡ್ಡು ಹೆಚ್ಚುತ್ತದೆ. ರೋಮಕೂಪದ ಒಳಗೋಡೆಯ ಕೋಶಗಳು ಸರಿಯಾಗಿ ಉದುರದೆ ಅಂಟಿಕೊಂಡು ಬಾಯಿ ಕಟ್ಟುತ್ತದೆ. ಬರಿಗಣ್ಣಿಗೆ ಕಾಣದ ಈ ಹಂತಕ್ಕೆ ಮೈಕ್ರೋಕೊಮಿಡೋನ್ ಎನ್ನುತ್ತೇವೆ. ಒಳಗೆ ಸಿಕ್ಕಿಕೊಂಡ ಜಿಡ್ಡಿನಲ್ಲಿ, 2016ರವರೆಗೆ ಪ್ರೊಪಿಯೊನಿಬ್ಯಾಕ್ಟೀರಿಯಂ ಎಂದೂ ಈಗ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂದೂ ಕರೆಸಿಕೊಳ್ಳುವ ಬ್ಯಾಕ್ಟೀರಿಯ ಬೆಳೆಯುತ್ತದೆ, ಉರಿಯೂತ ಏಳುತ್ತದೆ. ಮೊದಲ ಗಂಟು ಕಟ್ಟಿದಾಗಿನಿಂದ ಕೆಂಪು ಗುಳ್ಳೆ ಕನ್ನಡಿಯಲ್ಲಿ ಕಾಣುವವರೆಗೆ ಸುಮಾರು ಎರಡು ತಿಂಗಳು ಹಿಡಿಯಬಹುದು. ಇವತ್ತು ಕಾಣುವ ಮೊಡವೆ ಎರಡು ತಿಂಗಳ ಹಿಂದೆ ಬಿದ್ದ ಬಿತ್ತನೆಯ ಪೈರು.

ಈ ಒಂದು ಸಂಗತಿ ಗೊತ್ತಿದ್ದರೆ ಚಿಕಿತ್ಸೆಯ ಅರ್ಧ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಗುಳ್ಳೆ ಎದ್ದ ಜಾಗಕ್ಕೆ ಮಾತ್ರ ಚುಕ್ಕಿ ಇಟ್ಟಂತೆ ಔಷಧ ಹಚ್ಚಿದರೆ ಪಕ್ಕದಲ್ಲಿ ಬೆಳೆಯುತ್ತಿರುವ, ಇನ್ನೂ ಕಾಣದ ಹತ್ತಾರು ಮೊಡವೆಗಳಿಗೆ ಏನೂ ಆಗುವುದಿಲ್ಲ. ಮೊಡವೆ ಬರುವ ಭಾಗಕ್ಕೆಲ್ಲ ತೆಳುವಾಗಿ ಹಚ್ಚಬೇಕು. ಔಷಧ ಶುರು ಮಾಡಿದ ಮೇಲೂ ಮೂರು ನಾಲ್ಕು ವಾರ ಹೊಸ ಗುಳ್ಳೆ ಏಳುತ್ತವೆ. ಅವು ಮೊದಲೇ ಹೊರಟಿದ್ದವು. ಇದನ್ನು ಮೊದಲ ದಿನವೇ ಹೇಳದಿದ್ದರೆ ಹದಿನೈದನೆಯ ದಿನ ಟ್ಯೂಬು ಕಸದ ಬುಟ್ಟಿ ಸೇರುತ್ತದೆ, ಡಾಕ್ಟರು ಕೊಟ್ಟದ್ದು ಮುಖಕ್ಕೆ ಒಗ್ಗಲಿಲ್ಲ ಎಂಬ ಮಾತು ಹಾಸ್ಟೆಲ್ಲಿನ ತುಂಬ ಹರಡುತ್ತದೆ.

ಇನ್ನು ಮನೆಯ ವಿಚಾರ. ಮೊಡವೆ ಎದ್ದ ಮಗುವಿನ ಮೇಲೆ ಮನೆಯಲ್ಲಿ ದಿನಕ್ಕೊಂದು ಆಪಾದನೆ. ಸರಿಯಾಗಿ ಮುಖ ತೊಳೆಯುವುದಿಲ್ಲ, ಮೈಗೆ ಉಷ್ಣವಾಗಿದೆ, ಕರಿದದ್ದು ತಿನ್ನುತ್ತಾನೆ, ರಾತ್ರಿಯೆಲ್ಲ ಫೋನ್ ನೋಡುತ್ತಾಳೆ. ಮದುವೆಯಾದರೆ ತಾನೇ ಹೋಗುತ್ತೆ ಬಿಡು ಎಂದು ಅಜ್ಜಿಯ ಸಮಾಧಾನ ಬೇರೆ. ಕಪ್ಪುತಲೆ ಮೊಡವೆಯ ಕಪ್ಪು ಕೊಳೆಯಿಂದ ಬಂದದ್ದೇ ಅಲ್ಲ. ಅದು ಬಾಯಿ ತೆರೆದ ರೋಮಕೂಪದಲ್ಲಿ ಗಾಳಿ ತಾಗಿ ಬಣ್ಣ ತಿರುಗಿದ ಮೆಲನಿನ್. ದಿನಕ್ಕೆ ಎರಡು ಸಲ ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದರೆ ಸಾಕು. ಆರು ಸಲ ಸೋಪು ಹಾಕಿ ತಿಕ್ಕಿದರೆ ಚರ್ಮದ ರಕ್ಷಣೆ ಹರಿದು, ಹಚ್ಚಿದ ಔಷಧವೆಲ್ಲ ಉರಿಯುತ್ತದೆ. ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್ ಇವು ಮೊಡವೆಗಿಂತ ಮೊದಲು ಚರ್ಮವನ್ನು ಸುಡುತ್ತವೆ. ತಲೆಗೆ ಸುರಿದ ಎಣ್ಣೆ ಹಣೆಗಿಳಿದು ರೋಮಕೂಪ ಕಟ್ಟುವುದೂ ಉಂಟು. ಅಂಥವರಿಗೆ ಎಣ್ಣೆ ಬಿಡಿಸುವ ಅಗತ್ಯವಿಲ್ಲ, ಹಣೆಗೆ ತಾಗದಂತೆ ಹಚ್ಚಿ ತಲೆ ತೊಳೆಯುವುದನ್ನು ಹೇಳಿಕೊಟ್ಟರೆ ಆಯಿತು.

ಆಹಾರದ ಬಗ್ಗೆ ನಮ್ಮ ಶಾಸ್ತ್ರವೇ ಎರಡು ಸಲ ಮಗ್ಗುಲು ಬದಲಿಸಿದೆ. 1969ರಲ್ಲಿ ಅಮೆರಿಕದ ಫುಲ್ಟನ್, ಪ್ಲೇವಿಗ್, ಕ್ಲಿಗ್‌ಮನ್ ಒಂದು ಪ್ರಯೋಗ ನಡೆಸಿ ಚಾಕೊಲೇಟಿಗೂ ಮೊಡವೆಗೂ ಸಂಬಂಧವಿಲ್ಲ ಎಂದರು. ಹೋಲಿಕೆಗೆ ಕೊಟ್ಟ ಇನ್ನೊಂದು ತಿನಿಸಿನಲ್ಲೂ ಸಕ್ಕರೆ, ಕೊಬ್ಬು ಅಷ್ಟೇ ಇದ್ದವು ಎಂಬ ಲೋಪ ಆಮೇಲೆ ಚರ್ಚೆಗೆ ಬಂತು. ಆದರೂ ಆ ಪ್ರಬಂಧದ ಬಲದಿಂದ ಹಲವು ದಶಕ ಆಹಾರದ ಪ್ರಶ್ನೆಯೇ ಮುಚ್ಚಿಹೋಯಿತು. 2002ರಲ್ಲಿ ಕಾರ್ಡೇನ್ ಮತ್ತು ಸಂಗಡಿಗರು ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪದ 1200 ಜನರನ್ನೂ ಪರಾಗ್ವೆಯ ಆಚೆ ಬುಡಕಟ್ಟಿನವರನ್ನೂ ಪರೀಕ್ಷಿಸಿದಾಗ ಒಬ್ಬರಲ್ಲೂ ಮೊಡವೆ ಕಾಣಲಿಲ್ಲ ಎಂದು ವರದಿ ಮಾಡಿದರು. 2007ರಲ್ಲಿ ಆಸ್ಟ್ರೇಲಿಯದ ತರುಣರ ಮೇಲೆ ನಡೆದ ಹನ್ನೆರಡು ವಾರಗಳ ಪ್ರಯೋಗದಲ್ಲಿ, ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದ ಆಹಾರ ತಿಂದವರಿಗೆ ಮೊಡವೆ ಹೆಚ್ಚು ಇಳಿಯಿತು. ಇಷ್ಟರಿಂದ ನಾವು ಹೇಳಬಹುದಾದದ್ದು ಮಿತವಾದುದು: ಸಕ್ಕರೆ ಸುರಿದ ಪಾನೀಯ, ಬೇಕರಿ ತಿಂಡಿ ಕಡಿಮೆ ಮಾಡಿ. ಜಿಮ್ಮಿಗೆ ಹೋಗುವ ಹುಡುಗರನ್ನು ವೇ ಪ್ರೋಟೀನ್ ಪುಡಿಯ ಬಗ್ಗೆ ತಪ್ಪದೆ ಕೇಳಿ. ಅಮ್ಮ ಕರಿದ ಬೋಂಡಕ್ಕೆ ಮೊಡವೆಯ ಪೂರ್ತಿ ಹೊಣೆ ಹೊರಿಸಬೇಡಿ.

ಈಗ ನೋವಿನ ಅಧ್ಯಾಯಕ್ಕೆ ಬರುತ್ತೇನೆ. ಮೇಲೆ ಹೇಳಿದ ಕ್ಲಿಗ್‌ಮನ್ ಅವರದು ಮೊಡವೆಯ ಚರಿತ್ರೆಯಲ್ಲಿ ತಪ್ಪಿಸಿಕೊಳ್ಳಲಾಗದ ಹೆಸರು. ಇಂದಿಗೂ ನಮ್ಮ ಚಿಕಿತ್ಸೆಯ ಬೆನ್ನೆಲುಬಾದ ರೆಟಿನಾಯ್ಡ್ ಲೇಪನವನ್ನು, ಅಂದರೆ ಟ್ರೆಟಿನಾಯಿನ್ ಅನ್ನು, ಮೊಡವೆಗೆ ತಂದವರು ಅವರು. ಫಿಲಡೆಲ್ಫಿಯದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಪ್ರಯೋಗ ನಡೆಸಿದವರೂ ಅವರೇ. ಅದಕ್ಕಾಗಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ 2021ರಲ್ಲಿ ಕ್ಷಮೆ ಕೇಳಿತು. 1975ರಲ್ಲಿ ಅವರು ವಿಲ್ಲಿಸ್ ಜೊತೆ ಸೇರಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಡೆಕ್ಸಾಮೆಥಾಸೋನ್ ಮೂರನ್ನೂ ಬೆರೆಸಿದ, ಚರ್ಮದ ಕಪ್ಪು ತಿಳಿಗೊಳಿಸುವ ಸೂತ್ರವೊಂದನ್ನು ಪ್ರಕಟಿಸಿದರು. ಭಂಗಿನಂಥ ಕಲೆಗೆ ವೈದ್ಯರ ಕಣ್ಣೆದುರು ಕೆಲಕಾಲ ಬಳಸಬೇಕಾದ ಮಿಶ್ರಣ ಅದು. ಅದೇ ಜಾಡಿನಲ್ಲಿ ಹುಟ್ಟಿದ, ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಸೇರಿದ ಟ್ಯೂಬು ನಮ್ಮ ನಾಡಿನಲ್ಲಿ ಮುಖ ಬೆಳ್ಳಗಾಗುವ ಕ್ರೀಮ್ ಎಂಬ ಬಿರುದು ಪಡೆದು ಹದಿನಾರರ ಮಕ್ಕಳ ಕೈಗೆ ಬಂದಿದೆ.

ಸ್ಟೀರಾಯ್ಡ್ ಮೂರೇ ದಿನದಲ್ಲಿ ಕೆಂಪು ಇಳಿಸುತ್ತದೆ. ಹುಡುಗಿಗೆ ಬೇಕಾದದ್ದೂ ಅದೇ ಮೂರು ದಿನ. ನಿಲ್ಲಿಸಿದರೆ ಮುಖ ಉರಿದು ಕೆಂಪಾಗಿ ಮೊದಲಿಗಿಂತ ಹೆಚ್ಚು ಗುಳ್ಳೆ ಏಳುತ್ತವೆ, ಮತ್ತೆ ಹಚ್ಚುತ್ತಾಳೆ. ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತವೆ, ಮೀಸೆ ಗಡ್ಡದ ಜಾಗದಲ್ಲಿ ಕೂದಲು ಮೂಡುತ್ತದೆ. ದೇಶದ ಹನ್ನೆರಡು ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ನಿಮ್ಮಲ್ಲಿ ಹಲವರಿಗೆ ಗೊತ್ತು. ಮುಖದ ಚರ್ಮದ ತೊಂದರೆಯಿಂದ ಬಂದ 2926 ಮಂದಿಯಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅತಿ ಹೆಚ್ಚು ಕಂಡ ದುಷ್ಪರಿಣಾಮ ಮೊಡವೆಯೇ, ಇಲ್ಲವೆ ಇದ್ದ ಮೊಡವೆ ಕೆರಳಿದ್ದು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಬಿಗಿ ಮಾಡಿತು. ಅಧಿಸೂಚನೆ ಕಾಗದದ ಮೇಲಿದೆ, ಟ್ಯೂಬು ಕೌಂಟರಿನ ಮೇಲಿದೆ. ಔಷಧ ಅಂಗಡಿಯ ಬಂಧುಗಳನ್ನು ಇಲ್ಲಿಗೆ ಕರೆದಿರುವುದು ಬೈಯಲಿಕ್ಕಲ್ಲ. ಊರಿನ ಮಗು ನಮಗಿಂತ ಮೊದಲು ಮುಖ ತೋರಿಸುವುದು ನಿಮಗೆ. ಒಂದು ಟ್ಯೂಬನ್ನು ನಿರಾಕರಿಸಿ ವೈದ್ಯರ ಬಳಿಗೆ ಕಳಿಸಿದರೆ ಅದೂ ಚಿಕಿತ್ಸೆಯೇ.

ಸರಿಯಾದ ಚಿಕಿತ್ಸೆಯ ಬಗ್ಗೆ ಇಲ್ಲಿರುವವರಿಗೆ ದೀರ್ಘವಾಗಿ ಹೇಳಬೇಕಿಲ್ಲ. ಸಾಧಾರಣ ಮೊಡವೆಗೆ ರಾತ್ರಿ ಬಟಾಣಿ ಕಾಳಿನಷ್ಟು ಅಡಾಪಲೀನ್, ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್. ಶೇ 2.5ರ ಬೆಂಜಾಯಿಲ್ ಪೆರಾಕ್ಸೈಡ್ ಶೇ 10ರಷ್ಟೇ ಫಲ ಕೊಟ್ಟು ಕಡಿಮೆ ಉರಿಸುತ್ತದೆ ಎಂಬುದು 1980ರ ದಶಕದಿಂದ ಗೊತ್ತಿರುವ ಸಂಗತಿ. ದಿಂಬಿನ ಬಟ್ಟೆಯ ಬಣ್ಣ ಹೋಗುತ್ತದೆ ಎಂಬುದನ್ನು ಅಮ್ಮನಿಗೆ ಮೊದಲೇ ಹೇಳಿ, ಇಲ್ಲವಾದರೆ ಔಷಧ ನಿಲ್ಲುವುದು ಆ ಕಾರಣಕ್ಕೇ. ಆಂಟಿಬಯಾಟಿಕ್ ವಿಷಯದಲ್ಲಿ ಕಾಲದ ಲೆಕ್ಕ ನಮ್ಮ ಮೇಲೂ ಇದೆ. ಕ್ಲಿಂಡಾಮೈಸಿನ್ ಲೇಪನವನ್ನು ಒಂಟಿಯಾಗಿ ಬರೆಯಬಾರದು. ಡಾಕ್ಸಿಸೈಕ್ಲಿನ್ ಮೂರು ನಾಲ್ಕು ತಿಂಗಳಾಚೆ ಎಳೆಯಬಾರದು. ಚೀಟಿಯ ಮೇಲೆ ನಿಲ್ಲಿಸುವ ದಿನಾಂಕ ಬರೆಯದೆ ಬಿಟ್ಟರೆ ಅದೇ ಚೀಟಿ ಹಿಡಿದು ವರ್ಷವಿಡೀ ಮಾತ್ರೆ ಕೊಳ್ಳುವವರಿದ್ದಾರೆ.

ಗಂಟು ಕಟ್ಟುವ, ಕುಳಿ ಬೀಳಿಸುವ ಮೊಡವೆಗೆ ಐಸೊಟ್ರೆಟಿನಾಯಿನ್‌ಗೆ ಸಮನಾದ ಮದ್ದು ಇನ್ನೂ ಬಂದಿಲ್ಲ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧದ ಶಕ್ತಿ ಎಷ್ಟೋ ಅಪಾಯವೂ ಅಷ್ಟೆ. ಗರ್ಭದಲ್ಲಿರುವ ಶಿಶುವಿಗೆ ಇದರಿಂದ ತೀವ್ರ ಅಂಗವೈಕಲ್ಯ ಆಗಬಹುದು. ಆದ್ದರಿಂದ ಔಷಧದ ಅವಧಿಯಲ್ಲೂ ಮುಗಿದು ಒಂದು ತಿಂಗಳವರೆಗೂ ಗರ್ಭ ನಿಲ್ಲಬಾರದು, ರಕ್ತದಾನವನ್ನೂ ಮಾಡಬಾರದು. ಹದಿನೆಂಟರ ಹುಡುಗಿ ಅಪ್ಪನ ಪಕ್ಕ ಕೂತಿರುವಾಗ ಈ ಮಾತನ್ನು ಹೇಗೆ ಎತ್ತಬೇಕು ಎಂಬುದು ನಮ್ಮ ವೃತ್ತಿಯ ಕಠಿಣ ಕೌಶಲಗಳಲ್ಲಿ ಒಂದು. ಮುಜುಗರವೆಂದು ಹೇಳದೆ ಬಿಡುವ ಸ್ವಾತಂತ್ರ್ಯ ನಮಗಿಲ್ಲ. ಆಕೆಯೊಡನೆ ಐದು ನಿಮಿಷ ಪ್ರತ್ಯೇಕವಾಗಿ ಮಾತಾಡುವುದು ಪ್ರತಿ ಕ್ಲಿನಿಕ್ಕಿನ ಪದ್ಧತಿಯಾಗಬೇಕು. ಮುಟ್ಟು ಏರುಪೇರಾಗಿದೆಯೆ, ಗದ್ದದಲ್ಲಿ ಕೂದಲು ಬರುತ್ತಿದೆಯೆ ಎಂದು ಕೇಳಲಿಕ್ಕೂ ಅದೇ ಸಮಯ. ಪಿಸಿಓಡಿ ಹಲವು ಸಲ ಮೊದಲು ಕಾಣಿಸಿಕೊಳ್ಳುವುದು ದವಡೆಯಂಚಿನ ಮೊಡವೆಯಾಗಿ.

ನಮ್ಮ ಗೋಧಿ, ಎಣ್ಣೆಗಪ್ಪು ಮೈಬಣ್ಣಗಳಲ್ಲಿ ಗುಳ್ಳೆ ಒಣಗಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ರೋಗಿ ಅದನ್ನೂ ಮೊಡವೆಯೆಂದೇ ಎಣಿಸಿ ಚಿಕಿತ್ಸೆ ಸೋತಿತು ಅಂದುಕೊಳ್ಳುತ್ತಾರೆ. ಕಲೆ ಬೇರೆ, ಕುಳಿ ಬೇರೆ ಎಂದು ಬಿಡಿಸಿ ಹೇಳಬೇಕು. ಕಲೆ ತಿಳಿಯಾಗುತ್ತದೆ, ಸನ್‌ಸ್ಕ್ರೀನ್ ಮತ್ತು ಅಜೆಲೈಕ್ ಆಮ್ಲ ನೆರವಾಗುತ್ತವೆ. ಕುಳಿಯನ್ನು ತಡೆಯಲು ಇರುವ ಖಚಿತ ದಾರಿ ಉರಿಯೂತವನ್ನು ಬೇಗ ಇಳಿಸುವುದೊಂದೇ. ಮನಸ್ಸಿನ ಗಾಯದ ಮಾತೂ ಇದೆ. ಓಸ್ಲೋದ ಹದಿನೆಂಟು ಹತ್ತೊಂಬತ್ತರ ತರುಣರ ಬಗ್ಗೆ 2011ರಲ್ಲಿ ಬಂದ ಅಧ್ಯಯನದಲ್ಲಿ, ಹೆಚ್ಚು ಮೊಡವೆಯಿದ್ದ ಹುಡುಗಿಯರಲ್ಲಿ ಆತ್ಮಹತ್ಯೆಯ ಯೋಚನೆ ಎರಡು ಪಟ್ಟು, ಹುಡುಗರಲ್ಲಿ ಮೂರು ಪಟ್ಟು ಕಂಡಿತು. ಹುಡುಗರು ಸೌಂದರ್ಯದ ಚಿಂತೆ ಮಾಡುವುದಿಲ್ಲ ಎಂಬ ನಮ್ಮ ನಂಬಿಕೆಗೆ ಇದು ಉತ್ತರ. ಮೊಡವೆಯ ಹುಡುಗನನ್ನು ಅಡ್ಡಹೆಸರಿನಿಂದ ಕರೆಯುವ ತರಗತಿಯಲ್ಲಿ ಉಪನ್ಯಾಸಕರ ಒಂದು ಗದರಿಕೆ ಯಾವ ಲೇಪನಕ್ಕೂ ಕಡಿಮೆಯಲ್ಲ. ಮಗು ಊಟ, ಓದು, ಗೆಳೆತನ ಬಿಟ್ಟು ಮುದುಡಿದೆ ಅನ್ನಿಸಿದರೆ ಹೇಗಿದ್ದೀಯ ಎಂದು ನೇರವಾಗಿ ಕೇಳಿ, ಮನೋವೈದ್ಯರ ಬಳಿಗೆ ತಡಮಾಡದೆ ಕಳಿಸಿ.

ಆದ್ದರಿಂದ ಈ ಸಂಕಿರಣದ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆಗಳನ್ನು ಇಡುತ್ತೇನೆ. ಮೊದಲನೆಯದು, ತಜ್ಞರಿಲ್ಲದ ತಾಲ್ಲೂಕಿನಲ್ಲಿ ಕುಟುಂಬ ವೈದ್ಯರು ಯಾವ ಮೊಡವೆಯನ್ನು ತಾವೇ ನೋಡಬೇಕು, ಯಾವುದನ್ನು ಎಷ್ಟು ದಿನದೊಳಗೆ ಮುಂದಕ್ಕೆ ಕಳಿಸಬೇಕು? ಎರಡನೆಯದು, ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು, ನಮ್ಮ ರಾಜ್ಯದ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿನ ಆಪ್ತಸಮಾಲೋಚಕರಿಗೆ ಮೊಡವೆಯ ಪಾಠ ಕೊಡುವವರು ಯಾರು? ಮುಟ್ಟು, ಮನಸ್ಸು, ದೇಹದ ಬದಲಾವಣೆಯ ಬಗ್ಗೆ ಬಾಯಿ ಬಿಡದ ಮಗು ಮೊಡವೆಯ ನೆಪದಲ್ಲಿ ಆ ಬಾಗಿಲು ತಟ್ಟೀತು. ಮೂರನೆಯದು, ಸ್ಟೀರಾಯ್ಡ್ ಕ್ರೀಮಿನ ಮಾರಾಟ ತಡೆಯಲು ವೈದ್ಯರು, ಔಷಧ ವ್ಯಾಪಾರಿಗಳು, ಕಾಲೇಜುಗಳು ಒಟ್ಟಾಗಿ ಒಂದು ಜಿಲ್ಲೆಯಲ್ಲಾದರೂ ಮಾಡಿ ತೋರಿಸಬಹುದಾದ ಕೆಲಸ ಯಾವುದು?

ಸಮಾರೋಪದ ಹೊತ್ತಿಗೆ ನಮ್ಮ ಕೈಯಲ್ಲಿ ಒಂದು ಪುಟದ ಕನ್ನಡ ಹಾಳೆ ಸಿದ್ಧವಾಗಿರಲಿ ಎಂಬುದು ನನ್ನ ಆಶಯ. ಅದರಲ್ಲಿ ಎರಡನೆಯ ವಾರ, ನಾಲ್ಕನೆಯ ವಾರ, ಎಂಟನೆಯ ವಾರ, ಹನ್ನೆರಡನೆಯ ವಾರ ಮುಖ ಹೇಗಿರುತ್ತದೆ, ಯಾವಾಗ ಕಾಯಬೇಕು, ಯಾವಾಗ ವೈದ್ಯರ ಬಳಿ ಓಡಿ ಬರಬೇಕು, ಯಾವ ಟ್ಯೂಬನ್ನು ಮುಟ್ಟಲೇಬಾರದು ಎಂದು ಹತ್ತನೆಯ ತರಗತಿಯ ಮಗುವಿಗೆ ತಿಳಿಯುವಂತೆ ಇರಬೇಕು. ಅದು ಪ್ರತಿ ಚೀಟಿಯ ಜೊತೆ ಹೋಗಲಿ, ಪ್ರತಿ ಔಷಧ ಅಂಗಡಿಯ ಗೋಡೆಗೆ, ಪ್ರತಿ ಹಾಸ್ಟೆಲ್ಲಿನ ಸೂಚನಾ ಫಲಕಕ್ಕೆ ಅಂಟಲಿ. ಅದನ್ನು ಬರೆಯುವ ಕೆಲಸವನ್ನು ಈ ಹೊತ್ತೇ ಮೊದಲ ಗೋಷ್ಠಿಯ ಕೈಗೆ ಒಪ್ಪಿಸಿ, ನನ್ನ ಮಾತು ಮುಗಿಸುತ್ತೇನೆ.