ದಂಡು ಪ್ರದೇಶದ ಸಾಮೂಹಿಕ ಅರ್ಜಿಗಳು

ಒಂದು ಬೀದಿಯ ಅಥವಾ ಊರಿನ ಹಲವರು ಒಂದೇ ಕೋರಿಕೆಗೆ ಸಹಿ ಹಾಕಿ, ಅದನ್ನು ಈಡೇರಿಸುವ ಅಧಿಕಾರವುಳ್ಳವರ ಮುಂದಿಡುವ ಲಿಖಿತ ಅಹವಾಲಿಗೆ ಸಾಮೂಹಿಕ ಅರ್ಜಿ ಎನ್ನುತ್ತಾರೆ. ಕನ್ನಡ ನಾಡಿಗೆ ಇದು ಆಂಗ್ಲರ ಆಳ್ವಿಕೆಯೊಂದಿಗೆ ಬಂದದ್ದಲ್ಲ. ಶ್ರವಣಬೆಳಗೊಳದಲ್ಲಿಯೂ ಮಾಗಡಿ ಸೀಮೆಯ ಕಲ್ಯದಲ್ಲಿಯೂ ದೊರೆತಿರುವ 1368ರ ಬುಕ್ಕರಾಯನ ಶಾಸನವು, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿಕೊಂಡದ್ದನ್ನೂ, ಅರಸನು ಶ್ರೀವೈಷ್ಣವರೊಂದಿಗಿನ ಆ ವ್ಯಾಜ್ಯವನ್ನು ಇತ್ಯರ್ಥಪಡಿಸಿದ್ದನ್ನೂ ದಾಖಲಿಸುತ್ತದೆ. ಬಿನ್ನಹ ಮಾಡಿದವರು ಎಲ್ಲೆಲ್ಲಿಯವರೆಂಬುದನ್ನು ಕಲ್ಲಿನ ಮೇಲೆ ಕಂಡರಿಸಿರುವುದು ಸಣ್ಣ ಸಂಗತಿಯಲ್ಲ. ಕೇಳಿದವರು ಯಾರೆಂದು ಸ್ಪಷ್ಟವಾಗಿದ್ದರೆ ಮಾತ್ರ ಕೊಟ್ಟ ತೀರ್ಪಿಗೆ ವಾರಸುದಾರರಿರುತ್ತಾರೆ.

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಅಂದರೆ 1809ರಲ್ಲಿ ಶ್ರೀರಂಗಪಟ್ಟಣದಿಂದ ಬಂದ ಆಂಗ್ಲರ ಸೇನೆ ಹಲಸೂರಿನ ಆಸುಪಾಸಿನಲ್ಲಿ ನೆಲೆಯೂರಿದ ಮೇಲೆ ಬೆಳೆದ ಊರಿನಲ್ಲಿ, ಅರ್ಜಿಯ ಇತಿಹಾಸ ಬೇರೆಯೇ ಹಾದಿ ಹಿಡಿಯಿತು. ಪೇಟೆಗೂ ದಂಡಿಗೂ ಪ್ರತ್ಯೇಕ ಪುರಸಭೆಗಳು 1862ರಲ್ಲಿ ಬಂದದ್ದು 1850ರ ಕಾಯಿದೆಯ ಅಡಿಯಲ್ಲಿ. ಆ ಕಾಯಿದೆಯಾದರೋ ನಿವಾಸಿಗಳ ಅಪೇಕ್ಷೆಯಿದೆಯೆಂದು ಸರ್ಕಾರಕ್ಕೆ ಮನವರಿಕೆಯಾದ ಊರುಗಳಿಗೆ ಮಾತ್ರ ಅನ್ವಯವಾಗುವಂಥದಾಗಿತ್ತು. 1881ರಲ್ಲಿ ಮೈಸೂರು ರಾಜ್ಯವು ಆಂಗ್ಲರಿಂದ ಒಡೆಯರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಸ್ಥಾಪಿಸಿದ ಪ್ರಜಾಪ್ರತಿನಿಧಿ ಸಭೆಗೆ 144 ಮಂದಿ ಬಂದು ತಮ್ಮ ತಮ್ಮ ಸೀಮೆಗಳ ಕುಂದುಕೊರತೆ ಹೇಳಿಕೊಳ್ಳುವಂತಾಯಿತು. ಆದರೆ ಹಲಸೂರು ಮತ್ತು ಇಂದಿನ ಶಿವಾಜಿನಗರ ಬ್ರಿಟಿಷ್ ರೆಸಿಡೆಂಟರ ಆಡಳಿತದ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿಗೆ ಸೇರಿದ್ದರಿಂದ, ಅಲ್ಲಿನವರ ಅರ್ಜಿ ದಿವಾನರ ಬಳಿಗೆ ಹೋಗುವಂತಿರಲಿಲ್ಲ. ಕೆಲವೇ ಮೈಲಿ ಆಚೆಗಿನ ಕೃಷ್ಣರಾಜಪುರದವರದು ಮೈಸೂರು ಸರ್ಕಾರಕ್ಕೇ ಹೋಗಬೇಕಿತ್ತು. ದಂಡು ಪ್ರದೇಶ 1947ರ ಜುಲೈ 26ರಂದು ಮೈಸೂರಿಗೆ ಮರಳಿ, 1949ರಲ್ಲಿ ಎರಡೂ ಪುರಸಭೆಗಳು ಒಂದೇ ನಗರಪಾಲಿಕೆಯಾದವು.

ಇತ್ತೀಚಿನ ನಿದರ್ಶನ ದಂಡು ರೈಲು ನಿಲ್ದಾಣದ ಬಳಿಯ ರೈಲ್ವೆ ಕಾಲೊನಿಯದು. ಅಲ್ಲಿನ 350ಕ್ಕೂ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವ 2025ರಲ್ಲಿ ಬಂದಾಗ ನಾಗರಿಕರು ಆಕ್ಷೇಪಣೆ ಸಲ್ಲಿಸಿದರು, ಬಳಿಕ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವಾಗಿಸುವ ಪ್ರಸ್ತಾವವನ್ನು ರಾಜ್ಯದ ಅರಣ್ಯ ಇಲಾಖೆ ಕೈಗೆತ್ತಿಕೊಂಡಿತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯಬೇಕಾದಲ್ಲಿ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಅದಕ್ಕಿರುವ ಅವಧಿ 10 ದಿನ. ಆ ಅವಧಿಯೊಳಗೆ ಅಧಿಕಾರಿಯ ಕೈಸೇರಿದ ಹತ್ತು ಸಹಿಗಳಿಗಿರುವ ಬೆಲೆ, ಅವಧಿ ಮುಗಿದ ಮೇಲೆ ಬಂದ ಸಾವಿರ ಸಹಿಗಳಿಗಿಲ್ಲ.

ಆದ್ದರಿಂದ ಅರ್ಜಿಯ ಮೊದಲ ಕೆಲಸ ಸಹಿ ಸಂಗ್ರಹವಲ್ಲ, ಅಧಿಕಾರ ಯಾರಲ್ಲಿದೆಯೆಂದು ಅರಿಯುವುದು. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳಿದ್ದು, ಶಿವಾಜಿನಗರ ಮತ್ತು ಇಂದಿರಾನಗರ ಕೇಂದ್ರ ಪಾಲಿಕೆಗೂ ಕೆ.ಆರ್. ಪುರ ಪೂರ್ವ ಪಾಲಿಕೆಗೂ ಸೇರಿವೆ. ‘ವಿಷಯ’ ಎಂಬ ಸಾಲಿನಲ್ಲಿ ಒಂದೇ ಕೋರಿಕೆಯಿರಬೇಕು. ಸಹಿಯ ಪ್ರತಿ ಹಾಳೆಯ ತಲೆಯಲ್ಲೂ ಅದೇ ಕೋರಿಕೆಯನ್ನು ಬರೆದು, ಕೆಳಗೆ ಹೆಸರು, ವಿಳಾಸ, ದಿನಾಂಕಗಳಿಗೆ ಜಾಗ ಬಿಟ್ಟಿರಬೇಕು, ಏಕೆಂದರೆ ಬಿಡಿಹಾಳೆಯ ಸಹಿ ಯಾವುದಕ್ಕೆ ಹಾಕಿದ್ದೆಂದು ಮುಂದೆ ತಕರಾರು ಏಳಬಹುದು. ಕಚೇರಿಯ ಟಪಾಲು ಶಾಖೆಯಲ್ಲಿ ಕೊಟ್ಟಾಗ ತಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳದೆ ಹಿಂದಿರುಗಬಾರದು; ಆ ಸಂಖ್ಯೆಯಿದ್ದರೆ ಅರ್ಜಿಯ ಗತಿಯನ್ನು ಮಾಹಿತಿ ಹಕ್ಕಿನ ಮೂಲಕ ಕೇಳಬಹುದು. ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಅಂಜಿಕೆ ಯಾರಿಗೂ ಬೇಡ: ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಯಾವುದೇ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ.