ತೊಗರಿಯ ಕಾಯಿಕೊರಕವೂ ಕೀಟಭಕ್ಷಕ ಪ್ರಾಣಿಗಳೂ
(ಹಳ್ಳಿಖೇಡ (ಬಿ) ಭಾಗದ ರೈತರಿಗಾಗಿ ಉಪನ್ಯಾಸ)



ಹುಮನಾಬಾದ ತಾಲೂಕಿನ ಹಳ್ಳಿಖೇಡ (ಬಿ) ಸುತ್ತಲಿನ ಹೊಲಗಳಲ್ಲಿ ತೊಗರಿ, ಕಡಲೆಗಳು ಮುಖ್ಯ ಬೆಳೆಗಳಾಗಿರುವವು. ತೊಗರಿಯು ಹೂವಾಡುವ ಕಾಲಕ್ಕೆ ಕಾಯಿಕೊರಕ ಹುಳದ ಉಪದ್ರವವು ಮೊದಲಾಗುವದು. ಇದರ ಪತಂಗವು ರಾತ್ರಿಯಲ್ಲಿ ಮೊಗ್ಗು ಹೂಗಳ ಮೇಲೆ ಬಿಡಿಬಿಡಿಯಾಗಿ ನೂರಾರು ಮೊಟ್ಟೆಗಳನ್ನಿಡುವದು. ಮರಿಹುಳವು ಕಾಯನ್ನು ಕೊರೆದು ಕಾಳನ್ನು ತಿಂದು, ಬಲಿತ ಮೇಲೆ ಮಣ್ಣಿಗಿಳಿದು ಕೋಶವಾಗುವದು. 1997-98ರ ಹಂಗಾಮಿನಲ್ಲಿ ಈ ಹುಳದಿಂದ ಉತ್ತರ ಕರ್ನಾಟಕದ ತೊಗರಿಗೆ ಭಾರಿ ಹಾನಿಯುಂಟಾಯಿತು. ಅನೇಕ ವಿಷೌಷಧಗಳಿಗೆ ಹುಳವು ಒಗ್ಗಿಕೊಂಡಿರುವದರಿಂದ, ಸಿಂಪಡಿಸಿದ ಮಾತ್ರಕ್ಕೆ ಅದು ಸಾಯುವದೆಂಬ ಭರವಸೆಯಿಲ್ಲ.

ಇಂಥ ಹುಳಗಳಿಗೆ ಹೊಲದಲ್ಲಿಯೇ ವೈರಿಗಳುಂಟು. ಕವಲುಬಾಲದ ಕಾಜಾಣವು ಎತ್ತರದಲ್ಲಿ ಕುಳಿತು, ಹಾರುವ ಪತಂಗವನ್ನೂ ಗಿಡದ ಮೇಲಿನ ಹುಳವನ್ನೂ ಹಿಡಿಯುವದು. ಬೆಳ್ಳಕ್ಕಿ, ಗೊರವಂಕಗಳು ನೇಗಿಲಿನ ಹಿಂದೆ ನಡೆದು ಮಣ್ಣಿನ ಕೋಶಗಳನ್ನೂ ಗೊಣ್ಣೆಹುಳಗಳನ್ನೂ ಆರಿಸುವವು. ರಾತ್ರಿಯ ಪಾಳಿಯು ಕಪ್ಪೆ, ಹಲ್ಲಿ, ಹಾಲಕ್ಕಿ ಮತ್ತು ಸಣ್ಣ ಬಾವಲಿಗಳದು. ಮೇಸನ್ ಮತ್ತು ಲೆಫ್ರಾಯ್ ಎಂಬ ವಿದ್ವಾಂಸರು ಭಾರತದ ಹಕ್ಕಿಗಳ ಜಠರಗಳನ್ನು ಪರೀಕ್ಷಿಸಿ, ಅವುಗಳ ಆಹಾರದ ವಿವರವನ್ನು 1912ರಲ್ಲಿಯೇ ಪ್ರಕಟಿಸಿದ್ದರು.

ಚೀನಾ ದೇಶದಲ್ಲಿ 1958ರಲ್ಲಿ ಕಾಳು ತಿನ್ನುವವೆಂದು ಗುಬ್ಬಿಗಳನ್ನು ಸಾಮೂಹಿಕವಾಗಿ ಕೊಂದರು. ಕೀಟಗಳು ಹೆಚ್ಚಲು, 1960ರಲ್ಲಿ ಆ ಕ್ರಮವನ್ನು ನಿಲ್ಲಿಸಬೇಕಾಯಿತು. ಗುಬ್ಬಿಯು ಕಾಳು ತಿನ್ನುವದು ನಿಜ. ಆದರೆ ಮರಿಗಳಿಗೆ ಅದು ಉಣಿಸುವದು ಹೆಚ್ಚಾಗಿ ಹುಳಗಳನ್ನು.

ಆದ್ದರಿಂದ ರೈತರು ಈ ಕೆಳಗಿನಂತೆ ನಡೆಯತಕ್ಕದ್ದು.

1. ಹೂವಾಡುವ ಮೊದಲೇ ಎಕರೆಗೆ ಸುಮಾರು 20 ಅಡ್ಡಪಟ್ಟಿಯ ಗೂಟಗಳನ್ನು, ಬೆಳೆಗಿಂತ ಎತ್ತರವಾಗಿರುವಂತೆ ನೆಡಬೇಕು.

2. ತೊಗರಿಯ ನಡುವೆ ಅಲ್ಲಲ್ಲಿ ಜೋಳದ ಗಿಡಗಳನ್ನು ಬೆಳೆಸಿದರೆ ಹಕ್ಕಿಗಳು ಅವುಗಳ ಮೇಲೆಯೂ ಕೂಡುವವು.

3. ಬದುವಿನ ಬೇವು, ಜಾಲಿ ಗಿಡಗಳನ್ನು ಕಡಿಯಬಾರದು, ಗೂಡುಗಳನ್ನು ಕೆಡಿಸಬಾರದು.

4. ಬೇಸಿಗೆಯಲ್ಲಿ ಆಳವಾಗಿ ಉಳುವದರಿಂದ ಕೋಶಗಳು ಮೇಲೆ ಬಂದು, ಬಿಸಿಲಿಗೂ ಹಕ್ಕಿಗೂ ಸಿಕ್ಕುವವು.

5. ಹುಳವು ವಿಪರೀತವಾದರೆ ಹಕ್ಕಿಗಳಿಂದಲೇ ಅದು ತೀರದು. ಆಗ ಸಾಲಿನ ನಡುವೆ ಬಟ್ಟೆ ಹಾಸಿ, ಗಿಡಗಳನ್ನು ಅಲುಗಿಸಿ, ಉದುರಿದ ಹುಳಗಳನ್ನು ಕೂಡಿಸಿ ನಾಶಪಡಿಸಬೇಕು.

6. ಹುಳಗಳನ್ನು ಎಣಿಸಿ ನೋಡದೆ ವಿಷವನ್ನು ಸಿಂಪಡಿಸಲಾಗದು. ವಿಷವುಂಡ ಹುಳವನ್ನು ತಿಂದ ಹಕ್ಕಿ, ಕಪ್ಪೆಗಳೂ ಸಾಯಬಹುದು. ಹಾಗಾದಲ್ಲಿ ಮುಂದಿನ ತಲೆಯ ಹುಳವನ್ನು ತಡೆಯುವವರೇ ಇಲ್ಲದಂತಾಗುವದು.

ನೆರೆಹೊಲದವರೆಲ್ಲರೂ ಕೂಡಿ ಹೀಗೆ ನಡೆದಲ್ಲಿ ಫಲವು ಹೆಚ್ಚು. ಪತಂಗಕ್ಕೂ ಹಕ್ಕಿಗೂ ಬದುವಿನ ಗಡಿಯಿಲ್ಲ.