ನಿನ್ನ ರಾಜೀನಾಮೆಯನ್ನು ನೀನೇ ಬರೆ

ಹತ್ತು ಜನರ ಎದುರು ಮ್ಯಾನೇಜರ್ ನಿನ್ನನ್ನು ಬೈದ. ನಿನ್ನದಲ್ಲದ ತಪ್ಪಿಗೆ ಬೈದ. ಮೀಟಿಂಗ್ ಮುಗಿದಾಗ ಯಾರೊಬ್ಬರೂ ನಿನ್ನ ಮುಖ ನೋಡಲಿಲ್ಲ. ಈಗ ರಾತ್ರಿ, ಪಿಜಿಯ ಕೋಣೆಯಲ್ಲಿ ಪಕ್ಕದ ಮಂಚದವರು ಮಲಗಿದ ಮೇಲೆ, ಲ್ಯಾಪ್‌ಟಾಪ್ ತೆರೆದು ರಾಜೀನಾಮೆಯ ಮೇಲ್ ಬರೆದು ಕೂತಿದ್ದೀಯ. ಊರಿನಿಂದ ಅಮ್ಮ, "ಇರೋ ಕೆಲಸ ಬಿಡಬೇಡ, ಇನ್ನೂ ಸ್ವಲ್ಪ ತಡ್ಕೋ" ಅನ್ನುತ್ತಾಳೆ. ಗೆಳೆಯ, "ಅವನ ಮುಖಕ್ಕೆ ಬಿಸಾಕಿ ಬಾ" ಅನ್ನುತ್ತಾನೆ.

ತಮ್ಮಾ, ತಂಗೀ, ಇಬ್ಬರ ಮಾತಿನಲ್ಲೂ ಪ್ರೀತಿಯಿದೆ. ಆದರೆ ತೀರ್ಮಾನ ಅವರದಲ್ಲ. ಮ್ಯಾನೇಜರನದಂತೂ ಅಲ್ಲವೇ ಅಲ್ಲ. ಅದು ನಿನ್ನದು. ಸಿಟ್ಟಿಗೂ ಅದನ್ನು ಒಪ್ಪಿಸಬೇಡ, ಭಯಕ್ಕೂ ಒಪ್ಪಿಸಬೇಡ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆ ಮೇಲ್ ಇವತ್ತು ಡ್ರಾಫ್ಟ್‌ನಲ್ಲೇ ಇರಲಿ. ನಡೆದದ್ದನ್ನು ತಾರೀಖು ಹಾಕಿ ಬರೆದಿಡು: ಯಾರು, ಎಲ್ಲಿ, ಏನು ಅಂದರು. ಒಂದು ವಾರ ಬಿಟ್ಟು ಓದು. ಇದು ಒಂದು ಕೆಟ್ಟ ದಿನದ ಮಾತೋ, ದಿನವೂ ನಡೆಯುವ ಪಾಡೋ? ಬೈಗುಳದ ಒಳಗೆ ನಿಜದ ಪಾಲು ಏನಾದರೂ ಇತ್ತೋ? ಇದ್ದರೆ ಅಷ್ಟನ್ನು ತಿದ್ದಿಕೋ. ಹಾಗೆ ತಿದ್ದಿಕೊಂಡವರು ಸಣ್ಣವರಾಗುವುದಿಲ್ಲ. ಕೆಲಸವೇ ಬೇಸರವೋ, ಈ ಒಬ್ಬ ಮನುಷ್ಯನೋ? ಮನುಷ್ಯನಾದರೆ ಬೇರೆ ಟೀಮಿಗೆ ವರ್ಗ ಕೇಳು.

ಎಲ್ಲಕ್ಕಿಂತ ಮೊದಲು, ಮ್ಯಾನೇಜರ್ ಎದುರು ಕೂತು ಒಮ್ಮೆ ಮಾತಾಡು. "ಸರ್, ಎಲ್ಲರ ಮುಂದೆ ಹಾಗೆ ಅಂದದ್ದು ನನಗೆ ನೋವಾಯಿತು. ತಪ್ಪಿದ್ದರೆ ಕರೆದು ಹೇಳಿ, ತಿದ್ದಿಕೊಳ್ಳುತ್ತೇನೆ." ಮಧ್ಯರಾತ್ರಿ ಮೇಲ್ ಕಳಿಸುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಈ ಎರಡು ಮಾತಿಗೆ ಬೇಕು. ಆ ಎದೆಗಾರಿಕೆ ನಿನ್ನಲ್ಲಿದೆ.

ಆದರೆ ತಾಳ್ಮೆಗೂ ಒಂದು ಗಡಿಯಿದೆ. ಜಾತಿ, ಮೈಬಣ್ಣ, ಭಾಷೆ ಹಿಡಿದು ಹೀಯಾಳಿಸಿದರೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕು ಎಂದರೆ, ಆಫೀಸಿನ ನೆನಪಿಗೇ ನಿದ್ದೆ ಹಾರಿ ಮೈ ನಡುಗುವಂತಾದರೆ, ಸಹಿಸುವುದು ಗುಣವಲ್ಲ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಹೆಣ್ಣುಮಕ್ಕಳ ಬೆನ್ನಿಗಿದೆ: ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡ ಮಾಡಬೇಡ.

ಬಿಟ್ಟು ಹೋದವರೆಲ್ಲ ಸೋತವರು ಎಂದು ಯಾರಾದರೂ ಹೇಳಿದರೆ ಅವರಿಗೆ ವಿಶ್ವೇಶ್ವರಯ್ಯನವರ ಬದುಕು ತೋರಿಸು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದವರು ಅವರು. ಎಷ್ಟು ದುಡಿದರೂ ಬ್ರಿಟಿಷರ ಆ ಇಲಾಖೆಯಲ್ಲಿ ಭಾರತೀಯನೊಬ್ಬ ಚೀಫ್ ಎಂಜಿನಿಯರ್ ಆಗುವ ಲಕ್ಷಣ ಕಾಣಲಿಲ್ಲ. 1908ರಲ್ಲಿ ನಿವೃತ್ತಿ ಪಡೆದು ಹೊರಬಂದರು. ಕೈಕಟ್ಟಿ ಕೂರಲಿಲ್ಲ, ಮೂಸಿ ನದಿಯ ಪ್ರವಾಹಕ್ಕೆ ನಲುಗಿದ್ದ ಹೈದರಾಬಾದಿಗೆ ದುಡಿದರು. ಮುಂಬಯಿ ಕೊಡದ ಹುದ್ದೆಯನ್ನು 1909ರಲ್ಲಿ ಮೈಸೂರು ಕೊಟ್ಟಿತು. ಕನ್ನಂಬಾಡಿ ಕಟ್ಟೆ ಎದ್ದದ್ದು ಆಮೇಲೆ.

ಮುಂದೆ ದಿವಾನರಾದರು. ಸರ್ಕಾರಿ ನೌಕರಿಗಳಲ್ಲಿ ಹಿಂದುಳಿದವರಿಗೆ ಪಾಲು ಕೊಡಬೇಕೆಂದಿದ್ದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರೊಂದಿಗೆ ಆ ವಿಚಾರದಲ್ಲಿ ಒಮ್ಮತ ಬರಲಿಲ್ಲ. ಆ ಪ್ರಶ್ನೆಯಲ್ಲಿ ನಾಡು ಮುಂದೆ ನಡೆದದ್ದು ಮಹಾರಾಜರ ದಾರಿಯಲ್ಲೇ. ದಿವಾನರು 1918ರಲ್ಲಿ ಹುದ್ದೆ ಬಿಟ್ಟರು. ಆದರೂ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿದ್ದಾಗ ಅದೇ ಸಂಸ್ಥಾನ ಅವರನ್ನು ಕರೆಯಿತು. ಅವರು ಬಂದು ಆಡಳಿತ ಮಂಡಳಿಯ ಹೊಣೆ ಹೊತ್ತರು. ಭಿನ್ನಾಭಿಪ್ರಾಯ ಇಟ್ಟುಕೊಂಡೂ ಬಾಗಿಲು ಮುರಿಯದೆ ಹೊರಡುವುದು ಸಾಧ್ಯ.

ನೀನೂ ಹಾಗೆಯೇ ಹೊರಡು. ಹೊಸ ಆಫರ್ ಲೆಟರ್ ಕೈಗೆ ಬರಲಿ. ಇಲ್ಲವೇ ಐದಾರು ತಿಂಗಳ ಬಾಡಿಗೆ, ಊಟ, ಸಾಲದ ಕಂತಿನಷ್ಟು ಹಣ ಬ್ಯಾಂಕಿನಲ್ಲಿರಲಿ. ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಎಷ್ಟಿದೆ ಓದು. ಕಾಯಂ ನೌಕರರಿಗೆ ಐದು ವರ್ಷ ತುಂಬಿದರೆ ಗ್ರಾಚ್ಯುಟಿ ಸಿಗುತ್ತದೆ. ನಾಲ್ಕೂವರೆ ಆಗಿದ್ದರೆ ಆ ಲೆಕ್ಕವನ್ನೂ ಹಾಕು. ಕಂಪನಿಯ ಆರೋಗ್ಯ ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಅಪ್ಪ ಅಮ್ಮನ ಹೆಸರು ಅದರಲ್ಲಿದ್ದರೆ ಮೊದಲೇ ಬೇರೆ ವಿಮೆ ಮಾಡಿಸು. ಪಿಎಫ್ ಹಣ ತೆಗೆದು ಖರ್ಚು ಮಾಡಬೇಡ, ಯುಎಎನ್ ಮೂಲಕ ಹೊಸ ಖಾತೆಗೆ ವರ್ಗಾಯಿಸು. ಕೊನೆಯ ದಿನದವರೆಗೂ ನೆಟ್ಟಗೆ ಕೆಲಸ ಮಾಡಿ, ಮುಂದೆ ಬರುವವರಿಗೆ ಎಲ್ಲವನ್ನೂ ಒಪ್ಪಿಸಿ, ರಿಲೀವಿಂಗ್ ಲೆಟರ್ ಪಡೆದು ಬಾ. ಪ್ರಾಣಕ್ಕೋ ಮಾನಕ್ಕೋ ಕುತ್ತು ಬಂದಿದ್ದರೆ ಮಾತ್ರ ಈ ಲೆಕ್ಕಗಳಿಗೆ ಕಾಯಬೇಡ, ಮೊದಲು ಹೊರಬಾ.

ಒಬ್ಬ ಮ್ಯಾನೇಜರ್ ನಿನ್ನ ಒಂದು ವರ್ಷದ ರೇಟಿಂಗ್ ಬರೆಯಬಲ್ಲ. ನಿನ್ನ ಯೋಗ್ಯತೆ ಬರೆಯುವ ಅಧಿಕಾರ ಅವನಿಗಿಲ್ಲ. ಕಲಿತ ಕೆಲಸ ನಿನ್ನ ಕೈಯಲ್ಲಿದೆ, ದುಡಿಯುವ ವಯಸ್ಸು ನಿನ್ನದು, ನಿನ್ನಂಥವರು ಬೇಕಾದ ಜಾಗಗಳು ಇನ್ನೂ ಇವೆ. ಉಳಿಯುವುದಾದರೆ ತಲೆಯೆತ್ತಿ ಉಳಿ, ಕೇಳಬೇಕಾದ್ದನ್ನು ಕೇಳಿ ಉಳಿ. ಹೊರಡುವುದಾದರೆ ಯಾರಿಂದಲೋ ಓಡಬೇಡ, ಮಾಡಬೇಕೆಂದಿರುವ ಕೆಲಸದ ಕಡೆಗೆ ನಡೆ. ಯಾವುದನ್ನೇ ಆರಿಸಿಕೋ, ಅದು ನನ್ನ ತೀರ್ಮಾನ ಎಂದು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಹೇಳುವಂತಿರಲಿ.